ಒಬ್ಬರಿಗೆ ಏಳು ಲಕ್ಷ ಓಟು, ಒಬ್ಬರಿಗೆ 44, ಒಬ್ಬರಿಗೆ ಸೊನ್ನೆ!

ತಾರೆಯರು ದಿಲ್ಲಿ ಸೇರುವ ಮೂರು ಬಾಗಿಲುಗಳ ಕತೆ

ಯಾವ ಚಿತ್ರ ಎಷ್ಟು ವಾರ ಓಡಿತು, ಯಾವ ನಟನ ಸಂಭಾವನೆ ಎಷ್ಟು ಎಂದು ಕೇಳಿದರೆ ನಮ್ಮ ಓದುಗ ಮಹಾಶಯರು ನಿದ್ದೆಗಣ್ಣಿನಲ್ಲೂ ಥಟ್ಟನೆ ಹೇಳಿಬಿಡುತ್ತೀರಿ. ಅದು ನನಗೆ ಗೊತ್ತು. ಅದಕ್ಕೇ ಈ ವಾರ ಬೇರೊಂದು ಲೆಕ್ಕ ಮುಂದಿಡುತ್ತಿದ್ದೇನೆ. ಬಿಡಿಸಿ ನೋಡೋಣ!

2019ರಲ್ಲಿ ಸುಮಲತಾ ಅಂಬರೀಶ್ ಮಂಡ್ಯದಿಂದ ಗೆದ್ದು ಎಂ.ಪಿ. ಆದರು. ಅವರಿಗೆ ಬಿದ್ದ ಓಟು 7,03,660. 2022ರಲ್ಲಿ ‘ನವರಸ ನಾಯಕ’ ಜಗ್ಗೇಶ್ ಎಂ.ಪಿ. ಆದರು. ಅವರಿಗೆ ಬಿದ್ದ ಮೊದಲ ಪ್ರಾಶಸ್ತ್ಯದ ಓಟು 44. ಹೌದು ಸ್ವಾಮಿ, ಬರೀ ನಲವತ್ತನಾಲ್ಕು! ಇನ್ನು ಗುಬ್ಬಿ ವೀರಣ್ಣನವರ ಮೊಮ್ಮಗಳು, ನಟಿ, ಗಾಯಕಿ ಬಿ. ಜಯಶ್ರೀ 2010ರಲ್ಲಿ ಎಂ.ಪಿ. ಆದರು. ಅವರಿಗೆ ಬಿದ್ದ ಓಟು ಒಂದೂ ಇಲ್ಲ. ಯಾಕೆಂದರೆ ಅಲ್ಲಿ ಓಟಿನ ಮಾತೇ ಇರಲಿಲ್ಲ.

ಮೂವರೂ ಕಲಾವಿದರು. ಮೂವರೂ ಸಂಸತ್ ಸದಸ್ಯರಾಗಿ ಪ್ರಮಾಣವಚನ ತೆಗೆದುಕೊಂಡವರು. ಹಾಗಿದ್ದ ಮೇಲೆ ಲೆಕ್ಕ ಯಾಕೆ ಇಷ್ಟೊಂದು ಬೇರೆ? ಇದು ಬರೀ ಕುತೂಹಲದ ಪ್ರಶ್ನೆ ಅಂದುಕೊಳ್ಳಬೇಡಿ. ತಾರೆ ಯಾವ ಬಾಗಿಲಿನಿಂದ ಒಳಗೆ ಹೋದರು ಎನ್ನುವುದರ ಮೇಲೆ ಅವರು ಯಾರಿಗೆ ಉತ್ತರ ಕೊಡಬೇಕು ಎನ್ನುವುದು ನಿಂತಿದೆ. ಅದು ಗೊತ್ತಿಲ್ಲದಿದ್ದರೆ ನಿಮ್ಮ ಅರ್ಜಿ ವಿಳಾಸ ತಪ್ಪಿದ ಕಾಗದದ ಹಾಗೆ ಊರೂರು ಅಲೆಯುತ್ತದೆ.

ಹಾಗೆ ಅಲೆಯಲು ಹೊರಟಿದ್ದ ಒಂದು ಅರ್ಜಿಯನ್ನು ನಾನೇ ಕಣ್ಣಾರೆ ಕಂಡೆ. ಅದೇ ಈ ಲೇಖನಕ್ಕೆ ಕಾರಣ.

ಹುಣಸೆ ತೋಪಿನ ಊರಿನಲ್ಲಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಗೊತ್ತಲ್ಲ? ಸುಮಾರು 54 ಎಕರೆಯ ಹಳೇ ಹುಣಸೆ ತೋಪು ಅಲ್ಲಿದೆ. ಕಾಂಡ ತಿರುಚಿಕೊಂಡ ಭಾರಿ ಮರಗಳು, ಮಧ್ಯೆ ಪಾಳುಬಿದ್ದ ಹಳೇ ಗುಡಿ. ಹಾಡಿನ ದೃಶ್ಯಕ್ಕೆ ಜಾಗ ಹುಡುಕುವ ಛಾಯಾಗ್ರಾಹಕರ ಕಣ್ಣಿಗೆ ಬಿದ್ದರೆ ಬಿಡುವಂಥದ್ದಲ್ಲ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ಭಾರತದಲ್ಲಿ ಆ ಹೆಸರು ಪಡೆದ ಮೊಟ್ಟಮೊದಲ ಜಾಗವೇ ಇದು!

ತೋಪು ನೋಡಲು ಹೋದವನು ಟೀ ಕುಡಿಯಲು ನಿಂತೆ. ಪತ್ರಿಕೆಯವನು ಎಂದು ತಿಳಿದದ್ದೇ ತಡ, ನಾಲ್ಕೈದು ಹುಡುಗರು ಸುತ್ತುವರಿದರು. ಶುರುವಾಯಿತು ಪ್ರಶ್ನೆಗಳ ಸುರಿಮಳೆ.

‘ಸಾರ್, ಜಗ್ಗೇಶಣ್ಣ ಎಂಪಿ ಆದ್ರಲ್ಲ, ಓಟ್ ಹಾಕಿದ್ಯಾರು? ನಮ್ಮೂರಲ್ಲಿ ಬೂತೇ ಹಾಕ್ಲಿಲ್ವಲ್ಲ!’

ಬೆಂಚಿನ ಮೇಲೆ ಕೂತು ಬೀಡಿ ಹಚ್ಚಿಕೊಳ್ಳುತ್ತಿದ್ದ ಅಜ್ಜನೊಬ್ಬ ತಲೆ ಎತ್ತಿದ. ‘ಓಟೇ ಇಲ್ದೆ ಎಂಪಿ ಆಗೋದಾ? ಇದ್ಯಾವ ಸೀಮೆ ನ್ಯಾಯ ಕಣಪ್ಪಾ?’

ಹುಡುಗರಲ್ಲೊಬ್ಬ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಬಸ್ಸಿಗೆ ಕಾಯುವ ಜಾಗದಲ್ಲಿ ಒಂದು ಸೂರು ಬೇಕು, ಮಳೆ ಬಂದರೆ ಶಾಲೆ ಮಕ್ಕಳು, ಬಸುರಿ ಹೆಂಗಸರು ನೆನೆಯುತ್ತಾರೆ ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಕೆಳಗೆ ನಲವತ್ತಕ್ಕೂ ಹೆಚ್ಚು ಸಹಿ, ಹತ್ತಾರು ಹೆಬ್ಬೆಟ್ಟು. ಮೇಲೆ ವಿಳಾಸ: ‘ಬೆಂಗಳೂರು ಗ್ರಾಮಾಂತರ ಲೋಕಸಭಾ ಸದಸ್ಯರಿಗೆ’.

‘ಈ ವಿಳಾಸ ಯಾಕೆ ಬರೆದ್ರಿ?’ ಎಂದೆ.

‘ನಮ್ ಜಿಲ್ಲೆ ಬೆಂಗಳೂರು ಗ್ರಾಮಾಂತರ ಅಲ್ವಾ ಸಾರ್?’

ಜಿಲ್ಲೆ ಅದೇ. ಕ್ಷೇತ್ರ ಅದಲ್ಲ! ಇಲ್ಲೇ ಇದೆ ನೋಡಿ ಸ್ವಾರಸ್ಯ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ಓಟು ಹಾಕುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಜತೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಯಲಹಂಕ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು. ‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರಿನ ಲೋಕಸಭಾ ಕ್ಷೇತ್ರ ಬೇರೆಯೇ ಇದೆ. ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಕುಣಿಗಲ್, ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರ ಅದರೊಳಗೆ ಬರುತ್ತವೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹುಟ್ಟಿ, 2009ರಲ್ಲಿ ಮೊದಲ ಚುನಾವಣೆ ಕಂಡ ಕ್ಷೇತ್ರ ಅದು. ಅದರ ಎಂ.ಪಿ.ಗೂ ನಲ್ಲೂರಿಗೂ ಓಟಿನ ನಂಟೇ ಇಲ್ಲ!

ಹುಡುಗರು ಮುಖ ಮುಖ ನೋಡಿಕೊಂಡರು. ‘ಹಂಗಾದ್ರೆ ನಮ್ಮೋರು ಯಾರು ಸಾರ್?’ ಎಂದರು. ಆ ಪ್ರಶ್ನೆಗೆ ಉತ್ತರ ಬೇಕಾದರೆ ಮೂರು ಬಾಗಿಲುಗಳನ್ನೂ ಒಂದೊಂದಾಗಿ ತೆರೆದು ನೋಡಬೇಕು. ಬನ್ನಿ, ನೀವೂ ಜತೆಗೆ.

ಮೊದಲ ಬಾಗಿಲು: ನಮ್ಮ ಬೆರಳ ಶಾಯಿ

ಲೋಕಸಭೆಯಲ್ಲಿ ಚುನಾಯಿತರ ಸ್ಥಾನ 543. ಅದರಲ್ಲಿ ಕರ್ನಾಟಕಕ್ಕೆ 28. ವಿಧಾನಸಭೆಯ 224 ಕ್ಷೇತ್ರಗಳನ್ನು ಎಂಟೆಂಟರಂತೆ ಗಂಟು ಕಟ್ಟಿದರೆ 28 ಲೋಕಸಭಾ ಕ್ಷೇತ್ರ. ಓಟು ಹಾಕಲು 18 ವರ್ಷ ಸಾಕು, ನಿಲ್ಲಲು 25 ಆಗಿರಬೇಕು. ದೇಶದ ಯಾವ ಮೂಲೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಯಾವ ರಾಜ್ಯದಿಂದ ಬೇಕಾದರೂ ಸ್ಪರ್ಧಿಸಬಹುದು. 25,000 ರೂಪಾಯಿ ಠೇವಣಿ ಕಟ್ಟಬೇಕು. ಪರಿಶಿಷ್ಟ ಜಾತಿ, ಪಂಗಡದವರಾದರೆ ಅದರ ಅರ್ಧ. ಚಲಾವಣೆಯಾದ ಓಟಿನಲ್ಲಿ ಆರರಲ್ಲಿ ಒಂದು ಪಾಲು ದಾಟದಿದ್ದರೆ ಠೇವಣಿ ಗೋವಿಂದಾ! ಎಲ್ಲರಿಗಿಂತ ಒಂದೇ ಒಂದು ಓಟು ಹೆಚ್ಚು ಬಂದರೂ ಗೆದ್ದಂತೆಯೇ. ಅವಧಿ ಐದು ವರ್ಷ. ನಡುವೆ ಲೋಕಸಭೆ ವಿಸರ್ಜನೆಯಾದರೆ ಅಷ್ಟಕ್ಕೇ ಮುಗಿಯಿತು.

ಈ ಬಾಗಿಲಿನ ಹೊರಗೆ ನಮ್ಮ ತಾರೆಯರು ಗೆದ್ದು ಬೀಗಿದ್ದೂ ಉಂಟು, ಬಿದ್ದು ಎದ್ದದ್ದೂ ಉಂಟು. ‘ನಾಗರಹಾವು’ ಚಿತ್ರದ ಜಲೀಲ, ನಮ್ಮ ‘ರೆಬೆಲ್ ಸ್ಟಾರ್’ ಅಂಬರೀಶ್ ಮಂಡ್ಯದಿಂದ 1998, 1999, 2004ರಲ್ಲಿ ಮೂರು ಸಲ ಆರಿಸಿ ಬಂದರು. ಮೊದಲನೇ ಸಲ ಜನತಾದಳ, ಆಮೇಲೆ ಎರಡು ಸಲ ಕಾಂಗ್ರೆಸ್. ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರೂ ಆದರು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಆ ಕುರ್ಚಿಗೆ ರಾಜೀನಾಮೆ ಬರೆದರು. ಕಾವೇರಿ ಬಯಲಿನ ರೈತರ ಓಟಿನಿಂದ ಹೋದವರಿಗೆ ಕಾವೇರಿ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಹಾಗಿಲ್ಲ. ಈ ಬಾಗಿಲಿನ ಗುಣವೇ ಅದು.

ರಮ್ಯಾ ಅದೇ ಮಂಡ್ಯದಿಂದ 2013ರ ಉಪಚುನಾವಣೆಯಲ್ಲಿ ಗೆದ್ದರು. ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಹಾಗಾಗಿ ಒಂದು ವರ್ಷ ತುಂಬುವ ಮೊದಲೇ, 2014ರಲ್ಲಿ, ಮತ್ತೆ ಜನರ ಮುಂದೆ ನಿಲ್ಲಬೇಕಾಯಿತು. ಈ ಸಲ ಸುಮಾರು ಐದೂವರೆ ಸಾವಿರ ಓಟಿನಲ್ಲಿ ಸೋತರು. ಸುಮಲತಾ ಪಕ್ಷೇತರರಾಗಿ ನಿಂತದ್ದರಿಂದ ನಾಮಪತ್ರಕ್ಕೆ ಹತ್ತು ಮಂದಿ ಸೂಚಕರ ಸಹಿ ಬೇಕಿತ್ತು. ಅವರ ಗುರುತು ಕಹಳೆ ಊದುವ ರೈತ. ಸಾಲದ್ದಕ್ಕೆ ಕಣದಲ್ಲಿ ಸುಮಲತಾ ಎಂಬ ಹೆಸರಿನವರೇ ಇನ್ನೂ ಮೂವರು! ಆದರೂ ಜನ ಗುರುತು ಹಿಡಿದರು. ಎದುರು ನಿಂತದ್ದು ಇನ್ನೊಬ್ಬ ಚಿತ್ರನಟ ನಿಖಿಲ್ ಕುಮಾರಸ್ವಾಮಿ. ಗೆಲುವಿನ ಅಂತರ 1,25,876. ಅದೇ ವರ್ಷ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ನಿಂತ ಪ್ರಕಾಶ್ ರಾಜ್‌ಗೆ ಠೇವಣಿಯೂ ಉಳಿಯಲಿಲ್ಲ. ಇನ್ನು ಶಶಿಕುಮಾರ್ 1999ರಲ್ಲೇ ಚಿತ್ರದುರ್ಗದಿಂದ ಲೋಕಸಭೆ ಕಂಡವರು.

ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡದವರೂ ಇದ್ದಾರೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ಎದುರಾಳಿಯಾಗಿ ಕೇಳಿಬಂದ ಹೆಸರು ಡಾ. ರಾಜ್‌ಕುಮಾರ್ ಅವರದು. ಅಣ್ಣಾವ್ರು ನಿಲ್ಲಲಿಲ್ಲ. ಆಗಲ್ಲ, ಮುಂದೆಂದೂ ನಿಲ್ಲಲಿಲ್ಲ. ಅಂದು ಸೆಣಸಿದವರು ವೀರೇಂದ್ರ ಪಾಟೀಲರು, ಗೆದ್ದವರು ಇಂದಿರಾ.

ಎರಡನೇ ಬಾಗಿಲು: ನೇರಳೆ ಪೆನ್ನಿನ ಓಟು

ಈಗ ಬಂತು ನೋಡಿ ಅಜ್ಜನ ಪ್ರಶ್ನೆ. ಓಟೇ ಇಲ್ಲದೆ ಎಂ.ಪಿ.ಯೆ?

ಓಟು ಇದೆ ಅಜ್ಜಾ, ಹಾಕುವ ಕೈ ಬೇರೆ. ರಾಜ್ಯಸಭೆಯ 245 ಸ್ಥಾನಗಳಲ್ಲಿ 233 ಚುನಾವಣೆಯಿಂದ ತುಂಬುವಂಥವು. ಕರ್ನಾಟಕದ ಪಾಲು 12. ಇವರನ್ನು ಆರಿಸುವವರು ನಾವು ಆರಿಸಿ ಕಳಿಸಿದ ಶಾಸಕರು. ಅದರಲ್ಲೂ ವಿಧಾನಸಭೆಯ ಚುನಾಯಿತ ಶಾಸಕರು ಮಾತ್ರ. ವಿಧಾನ ಪರಿಷತ್ತಿನವರಿಗೆ ಈ ಓಟಿಲ್ಲ. ನಟಿ ಜಯಮಾಲಾ ಪರಿಷತ್ ಸದಸ್ಯೆಯಾಗಿ ಸಚಿವೆಯೂ ಆದರಲ್ಲ, ಅವರಿಗೆ ರಾಜ್ಯಸಭೆಗೆ ಓಟು ಹಾಕುವ ಹಕ್ಕು ಇರಲಿಲ್ಲ. ತೇರದಾಳದಿಂದ 2013ರಲ್ಲಿ ಶಾಸಕಿಯಾಗಿ ಗೆದ್ದು ಬಂದ ಉಮಾಶ್ರೀಯವರಿಗೆ ಇತ್ತು!

ಇಲ್ಲಿ ಮತಯಂತ್ರದ ಗುಂಡಿ ಒತ್ತುವುದಿಲ್ಲ. ಕಾಗದದ ಮೇಲೆ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಇಷ್ಟದ ಕ್ರಮ ಬರೆಯಬೇಕು. ಬರೆಯುವುದಕ್ಕೂ ಚುನಾವಣಾಧಿಕಾರಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನೇ ಆಗಬೇಕು. ಸ್ವಂತ ಪೆನ್ನಿನಲ್ಲಿ ಗೀಚಿದರೆ ಓಟು ರದ್ದು.

ಲೆಕ್ಕ ಹೀಗೆ. 2022ರ ಜೂನ್ 10ರಂದು ಕರ್ನಾಟಕದಲ್ಲಿ 4 ಸ್ಥಾನಕ್ಕೆ ಚುನಾವಣೆ. ಓಟು 224. ನಾಲ್ಕಕ್ಕೆ ಒಂದು ಸೇರಿಸಿದರೆ ಐದು. 224ನ್ನು ಐದರಿಂದ ಭಾಗಿಸಿದರೆ 44 ಮತ್ತು ಚಿಲ್ಲರೆ. ಚಿಲ್ಲರೆ ಬಿಟ್ಟು ಒಂದು ಕೂಡಿಸಿದರೆ 45. ಯಾರಿಗೆ 45 ಓಟು ಬೀಳುತ್ತದೋ ಅವರ ಸ್ಥಾನ ಗಟ್ಟಿ. ನಿರ್ಮಲಾ ಸೀತಾರಾಮನ್ 46, ಜೈರಾಮ್ ರಮೇಶ್ 46, ಜಗ್ಗೇಶ್ 44, ಲೆಹರ್ ಸಿಂಗ್ 33, ಕುಪೇಂದ್ರ ರೆಡ್ಡಿ 30, ಮನ್ಸೂರ್ ಅಲಿ ಖಾನ್ 25. ಕೂಡಿ ನೋಡಿ, ಸರಿಯಾಗಿ 224!

ಜಗ್ಗೇಶ್‌ಗೆ ಗೆರೆ ದಾಟಲು ಇನ್ನೂ ಚೂರು ಬೇಕಿತ್ತು. ಗೆದ್ದವರ ಹತ್ತಿರ ಮಿಕ್ಕ ಓಟಿನ ಬೆಲೆ, ಆ ಕಾಗದದಲ್ಲಿ ‘2’ ಎಂದು ಬರೆದವರ ಹೆಸರಿಗೆ ಹರಿಯುವ ಏರ್ಪಾಡೇ ಈ ಪದ್ಧತಿಯ ಜೀವಾಳ. ಎರಡನೇ ಪ್ರಾಶಸ್ತ್ಯದ ಮತಗಳು ಎಣಿಕೆಗೆ ಬಂದ ಮೇಲೆ ಜಗ್ಗೇಶ್ ಗೆದ್ದರು, 33ರ ಲೆಹರ್ ಸಿಂಗ್ ಕೂಡ ಗೆದ್ದರು. ಸೋತ ಇಬ್ಬರದ್ದು ಕೂಡಿದರೆ 55! ಎರಡು ಪಕ್ಷಗಳ ಇಬ್ಬರು ನಿಂತು ಓಟು ಹಂಚಿಹೋಯಿತು. ಚಿತ್ರಕತೆಯಲ್ಲಿ ಹೀಗೆ ಬರೆದರೆ ‘ನಂಬೋ ಹಾಗಿಲ್ಲ ಬಿಡಿ’ ಎಂದು ನಿರ್ಮಾಪಕರು ವಾಪಸು ಕೊಡುತ್ತಿದ್ದರು.

ಇನ್ನೊಂದು ವಿಷಯ ಗಮನಿಸಿ. ನಾವು ಓಟು ಹಾಕಿದ್ದು ನಮ್ಮ ಹೆಂಡತಿಗೂ ಗೊತ್ತಾಗಬೇಕಿಲ್ಲ, ಅದು ಗುಟ್ಟು. ರಾಜ್ಯಸಭೆಯ ಓಟು ಗುಟ್ಟಲ್ಲ. 2003ರ ತಿದ್ದುಪಡಿಯ ನಂತರ ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಓಟು ಮಾರಾಟವಾಗದಿರಲಿ ಎಂದು ತಂದ ನಿಯಮ. ಆದರೂ ಅಡ್ಡ ಮತದಾನ ಪೂರ್ತಿ ನಿಂತಿಲ್ಲ. 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲೂ ಅದು ಸುದ್ದಿಯಾಯಿತು.

2003ರ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಅದಕ್ಕೆ ಮೊದಲು ರಾಜ್ಯಸಭೆಗೆ ನಿಲ್ಲುವವರು ಆಯಾ ರಾಜ್ಯದ ಮತದಾರರಾಗಿರಬೇಕಿತ್ತು. ಆ ಕಟ್ಟು ಸಡಿಲವಾಯಿತು. ‘ಕನಸಿನ ಕನ್ಯೆ’ ಹೇಮಾ ಮಾಲಿನಿ 2011ರ ಉಪಚುನಾವಣೆಯಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದದ್ದು ಹೀಗೆ. ಅಂದು ಅವರೆದುರು ನಿಂತು ಸೋತವರು ನಮ್ಮ ಸಾಹಿತಿ, ವಿಮರ್ಶಕ ಕೆ. ಮರುಳಸಿದ್ದಪ್ಪನವರು. ಹೊರಗಿನವರು ನಮ್ಮ ರಾಜ್ಯದ ದನಿಯಾಗಬಲ್ಲರೆ ಎಂಬ ಚರ್ಚೆ ಆಗಲೂ ಜೋರಾಗಿತ್ತು, ಈಗಲೂ ತಣ್ಣಗಾಗಿಲ್ಲ.

ರಾಜ್ಯಸಭೆಗೆ ನಿಲ್ಲಲು 30 ವರ್ಷ ಆಗಿರಬೇಕು. ಅವಧಿ ಆರು ವರ್ಷ. ಈ ಮನೆಗೆ ವಿಸರ್ಜನೆ ಎಂಬುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದವರು ನಿವೃತ್ತರಾಗುತ್ತಾರೆ, ಹೊಸಬರು ಬರುತ್ತಾರೆ.

ಇಷ್ಟು ಕೇಳಿ ಅಜ್ಜ ಒಂದು ದಮ್ಮು ಎಳೆದು ಕೇಳಿದ: ‘ಅಂಗಾದ್ರೆ ಜಗ್ಗೇಶಪ್ಪಂಗೆ ನಮ್ ದೇವನಳ್ಳಿ ಎಮ್ಮೆಲ್ಲೆ ಓಟ್ ಆಕುದ್ರಾ?’

ಒಳ್ಳೇ ಪ್ರಶ್ನೆ! 2022ರಲ್ಲಿ ದೇವನಹಳ್ಳಿಯ ಶಾಸಕರು ಜಾತ್ಯತೀತ ಜನತಾದಳದವರು. ಆ ಪಕ್ಷ ನಿಲ್ಲಿಸಿದ್ದು ಕುಪೇಂದ್ರ ರೆಡ್ಡಿಯವರನ್ನು. ಜಗ್ಗೇಶ್ ಭಾರತೀಯ ಜನತಾ ಪಕ್ಷದ ಅಭ್ಯರ್ಥಿ. ಆದರೂ ಗೆದ್ದು ಹೋದ ಮೇಲೆ ಜಗ್ಗೇಶ್ ಯಾವುದೋ ನಲವತ್ತನಾಲ್ಕು ಶಾಸಕರ ಪ್ರತಿನಿಧಿಯಾಗಿ ಕೂರುವುದಿಲ್ಲ, ಇಡೀ ಕರ್ನಾಟಕದ ಪ್ರತಿನಿಧಿಯಾಗಿ ಕೂರುತ್ತಾರೆ. ಬೀದರಿನವರಿಗೆ ಎಷ್ಟೋ ನಲ್ಲೂರಿನವರಿಗೂ ಅಷ್ಟೇ.

‘ಎಲ್ಲಾರ್ಗೂ ಸೇರ್ದೋನು ಯಾರ್ಗೂ ಸೇರ್ದೋನಲ್ಲ’ ಎಂದು ಅಜ್ಜ ಬೀಡಿ ಆರಿಸಿದ. ಆ ಮಾತಿಗೆ ಹುಡುಗರು ನಕ್ಕರು. ನಾನು ನಗಲಿಲ್ಲ. ಐದು ವರ್ಷಕ್ಕೊಮ್ಮೆ ನಲ್ಲೂರಿನ ಬೀದಿಗೆ ಬಂದು ಕೈ ಮುಗಿಯಲೇಬೇಕಾದ ಎಂ.ಪಿ. ಒಬ್ಬರು, ಬರದೇ ಇದ್ದರೂ ನಡೆಯುವ ಎಂ.ಪಿ. ಇನ್ನೊಬ್ಬರು. ಈ ವ್ಯತ್ಯಾಸವನ್ನು ಅಜ್ಜ ಒಂದೇ ಮಾತಿನಲ್ಲಿ ಹಿಡಿದಿದ್ದ.

ಮೂರನೇ ಬಾಗಿಲು: ರಾಷ್ಟ್ರಪತಿಯ ಕರೆ

ರಾಜ್ಯಸಭೆಯಲ್ಲಿ ಉಳಿದ 12 ಸ್ಥಾನ ನಾಮಕರಣದ್ದು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಈ ಕ್ಷೇತ್ರಗಳಲ್ಲಿ ಹೆಸರಾದವರನ್ನು ರಾಷ್ಟ್ರಪತಿಗಳು ಹೆಸರಿಸುತ್ತಾರೆ. ಚಿತ್ರರಂಗದಿಂದ ಈ ಬಾಗಿಲಲ್ಲಿ ಮೊದಲು ಹೋದವರು 1952ರಲ್ಲಿ ಪೃಥ್ವಿರಾಜ್ ಕಪೂರ್. 1980ರಲ್ಲಿ ನರ್ಗೀಸ್, ಆಮೇಲೆ ಶಿವಾಜಿ ಗಣೇಶನ್, ಶಬಾನಾ ಆಜ್ಮಿ, ಲತಾ ಮಂಗೇಶ್ಕರ್... 2022ರಲ್ಲಿ ಇಳಯರಾಜ ಮತ್ತು ಕತೆಗಾರ ವಿಜಯೇಂದ್ರ ಪ್ರಸಾದ್. ನಮ್ಮವರಲ್ಲಿ 2010ರಿಂದ 2016ರವರೆಗೆ ಬಿ. ಜಯಶ್ರೀ. 2022ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ, 2024ರಲ್ಲಿ ಸುಧಾ ಮೂರ್ತಿ.

ಇವರಿಗೆ ಸದನದಲ್ಲಿ ಮಾತು, ಪ್ರಶ್ನೆ, ಮಸೂದೆಗೆ ಓಟು ಎಲ್ಲವೂ ಉಂಟು. ಉಪರಾಷ್ಟ್ರಪತಿ ಚುನಾವಣೆಯಲ್ಲೂ ಓಟು ಉಂಟು. ರಾಷ್ಟ್ರಪತಿ ಚುನಾವಣೆಯಲ್ಲಿ ಮಾತ್ರ ಇಲ್ಲ.

‘ಇದೆಲ್ಲ ಬರೀ ಶೋಭೆಗೆ’ ಎನ್ನುವವರಿಗೆ ಒಂದು ಉತ್ತರವಿದೆ. ಜಯಶ್ರೀಯವರ ಜತೆಗೇ 2010ರಲ್ಲಿ ನಾಮಕರಣಗೊಂಡವರು ಗೀತರಚನೆಕಾರ ಜಾವೇದ್ ಅಖ್ತರ್. ಹಾಡು ಬರೆದವನಿಗೆ, ರಾಗ ಹಾಕಿದವನಿಗೆ ಒಂದು ಸಲ ಕಾಸು ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಯ ವಿರುದ್ಧ ಅವರು ಸದನದ ಒಳಗೂ ಹೊರಗೂ ದನಿ ಎತ್ತಿದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಆಚೆ ಹಾಡು ಬಳಕೆಯಾದಾಗ ಕವಿಗೂ ಸಂಗೀತ ನಿರ್ದೇಶಕನಿಗೂ ಗೌರವಧನದ ಪಾಲು ಸಿಗಬೇಕೆಂದಾಯಿತು. ಗಾಂಧಿನಗರದಲ್ಲಿ ಹಾಡು ಬರೆಯುವ ನಮ್ಮ ಹುಡುಗನಿಗೂ ಅದರ ಫಲ ಉಂಟು.

ನಾಣ್ಯದ ಇನ್ನೊಂದು ಮುಖವೂ ಇದೆ. 2012ರಲ್ಲಿ ನಾಮಕರಣಗೊಂಡ ನಟಿ ರೇಖಾ ಸದನಕ್ಕೆ ಬರುವುದೇ ಅಪರೂಪ ಎಂದು ಇತರ ಸದಸ್ಯರು ಸದನದಲ್ಲೇ ಆಕ್ಷೇಪ ಎತ್ತಿದ್ದರು. ಸಂವಿಧಾನದ ಪ್ರಕಾರ ಅನುಮತಿ ಇಲ್ಲದೆ 60 ದಿನ ಗೈರುಹಾಜರಾದರೆ ಸದನ ಆ ಸ್ಥಾನವನ್ನು ಖಾಲಿ ಎಂದು ಸಾರಬಹುದು.

ಒಳಗೆ ಹೋಗಿ ಮಾಡುವುದೇನು?

ಮೂರು ಬಾಗಿಲೂ ಸೇರುವುದು ಒಂದೇ ಪಾರ್ಲಿಮೆಂಟಿಗೆ. ಒಳಗೆ ಮನೆ ಎರಡು. ಸಾಮಾನ್ಯ ಮಸೂದೆ ಕಾಯ್ದೆಯಾಗಬೇಕಾದರೆ ಎರಡೂ ಮನೆ ಒಪ್ಪಬೇಕು. ಎಲ್ಲಿ ಬೇಕಾದರೂ ಶುರು ಮಾಡಬಹುದು. ನಮ್ಮ ಸಿನಿಮಾ ಕಾಯ್ದೆಯನ್ನೇ ನೋಡಿ. ಸಿನಿಮಟೋಗ್ರಾಫ್ ತಿದ್ದುಪಡಿ ಮಸೂದೆ ಮೊದಲು ಬಂದದ್ದು ರಾಜ್ಯಸಭೆಗೆ. 2023ರ ಜುಲೈ 27ರಂದು ಅಲ್ಲಿ ಪಾಸಾಯಿತು, ಜುಲೈ 31ರಂದು ಲೋಕಸಭೆಯಲ್ಲಿ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದವನಿಗೆ ಈಗ ಮೂರು ತಿಂಗಳಿಂದ ಮೂರು ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ನೂರಕ್ಕೆ ಐದರವರೆಗೂ ಏರಬಹುದು. ನಕಲಿ ಪ್ರತಿ ನೋಡುವ ಅಭಿಮಾನಿ ದೇವರುಗಳೇ, ಕೇಳಿಸಿತೆ?

ಹಣಕಾಸಿನ ಮಸೂದೆ ಮಾತ್ರ ಲೋಕಸಭೆಯಲ್ಲೇ ಹುಟ್ಟಬೇಕು. ರಾಜ್ಯಸಭೆ 14 ದಿನದೊಳಗೆ ಸಲಹೆ ಕೊಟ್ಟು ಹಿಂದಕ್ಕೆ ಕಳಿಸಬೇಕು, ತಡೆಯುವಂತಿಲ್ಲ. ಬೇರೆ ಮಸೂದೆಯಲ್ಲಿ ಎರಡು ಮನೆಗೂ ಜಗಳ ಹತ್ತಿದರೆ ಜಂಟಿ ಅಧಿವೇಶನ ಕರೆಯಬಹುದು. ಸ್ವತಂತ್ರ ಭಾರತದಲ್ಲಿ ಮಸೂದೆಗಾಗಿ ಹಾಗೆ ಕೂತದ್ದು ಮೂರೇ ಸಲ: ವರದಕ್ಷಿಣೆ ನಿಷೇಧಕ್ಕೆ 1961ರಲ್ಲಿ, ಬ್ಯಾಂಕ್ ನೇಮಕಾತಿ ಆಯೋಗದ ವಿಷಯಕ್ಕೆ 1978ರಲ್ಲಿ, ಭಯೋತ್ಪಾದನೆ ತಡೆಗೆ 2002ರಲ್ಲಿ.

ಇಂಗ್ಲಿಷು, ಹಿಂದಿ ಬರದವರು ಅಲ್ಲಿ ಏನು ಮಾಡುವುದು ಎನ್ನುತ್ತೀರಾ? 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಭಾಷಣ ಮಾಡಿ ದಾರಿ ತೆರೆದರು. ಈಗ ಕನ್ನಡದಲ್ಲಿ ಮಾತಾಡಿದರೆ ಉಳಿದವರಿಗೆ ಕಿವಿಯಲ್ಲಿ ಅನುವಾದ ಕೇಳುವ ಏರ್ಪಾಡಿದೆ.

ಸಂಬಳದ ವಿಷಯಕ್ಕೆ ಬರೋಣ, ಅದಿಲ್ಲದೆ ಸಿನಿಮಾ ಪತ್ರಿಕೆ ಪೂರ್ತಿಯಾಗದು! 2025ರ ಪರಿಷ್ಕರಣೆಯಂತೆ ಸಂಸದರ ಸಂಬಳ ತಿಂಗಳಿಗೆ 1,24,000 ರೂಪಾಯಿ. ಅಧಿವೇಶನಕ್ಕೆ ಬಂದು ಸಹಿ ಹಾಕಿದ ದಿನ 2,500 ರೂಪಾಯಿ ಭತ್ಯ. ಇದಲ್ಲದೆ 1993ರಲ್ಲಿ ಶುರುವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಇದೆ. ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 5 ಕೋಟಿ. ಈ ದುಡ್ಡು ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ಲೋಕಸಭೆಯವರು ಮುಖ್ಯವಾಗಿ ತಮ್ಮ ಕ್ಷೇತ್ರದಲ್ಲಿ, ರಾಜ್ಯಸಭೆಗೆ ಆರಿಸಿ ಹೋದವರು ತಮ್ಮ ರಾಜ್ಯದಲ್ಲಿ ಎಲ್ಲಿಗಾದರೂ, ನಾಮಕರಣಗೊಂಡವರು ದೇಶದಲ್ಲಿ ಎಲ್ಲಿಗಾದರೂ ಶಿಫಾರಸು ಮಾಡಬಹುದು.

ಇಷ್ಟು ಹೇಳುವಷ್ಟರಲ್ಲಿ ಅರ್ಜಿ ಬರೆದ ಹುಡುಗನ ಕಣ್ಣು ಹೊಳೆಯಿತು. ‘ಅಂದ್ರೆ ಬಸ್ ಸ್ಟಾಪಿಗೆ ಜಗ್ಗೇಶಣ್ಣನ್ನೂ ಕೇಳ್ಬೋದಾ ಸಾರ್?’

ಕೇಳಬಹುದು! ಅವರ ಅವಧಿ 2028ರ ಜೂನ್‌ವರೆಗೆ. ಓಟು ನಿಮ್ಮದಲ್ಲದಿದ್ದರೂ ರಾಜ್ಯ ನಿಮ್ಮದೇ. ಮೊದಲ ಪ್ರತಿ ಮಾತ್ರ 2024ರಲ್ಲಿ ಚಿಕ್ಕಬಳ್ಳಾಪುರದಿಂದ ಗೆದ್ದ ಡಾ. ಕೆ. ಸುಧಾಕರ್ ಅವರಿಗೆ ಹೋಗಬೇಕು, ನಲ್ಲೂರಿನ ನೇರ ಓಟು ಪಡೆದ ಕ್ಷೇತ್ರ ಅದು. ಅಲ್ಲೇ ನಿಂತು ಹುಡುಗರು ಹಳೇ ವಿಳಾಸ ಹೊಡೆದುಹಾಕಿ ಎರಡು ಪ್ರತಿ ಬರೆದರು.

ದಿಲ್ಲಿಯ ಕಾಗದ, ನಲ್ಲೂರಿನ ಮರ

ದಿಲ್ಲಿಯಲ್ಲಿ ಕೈ ಎತ್ತಿದ್ದು ನಮ್ಮ ಊರಿಗೆ ಏನು ಮಾಡೀತು ಎಂದು ಮೂಗು ಮುರಿಯುವವರು ಆ ಹುಣಸೆ ತೋಪನ್ನೇ ನೋಡಲಿ. 2002ರಲ್ಲಿ ಎರಡೂ ಮನೆಗಳು ಜೀವವೈವಿಧ್ಯ ಕಾಯ್ದೆಗೆ ಒಪ್ಪಿಗೆ ಕೊಟ್ಟವು. ಸ್ಥಳೀಯ ಸಂಸ್ಥೆಗಳನ್ನು ಕೇಳಿ ಪಾರಂಪರಿಕ ತಾಣ ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಬಂದದ್ದು ಆ ಕಾಯ್ದೆಯಿಂದ. ಐದು ವರ್ಷದ ನಂತರ ಅದರ ಮೊದಲ ನೆರಳು ಬಿದ್ದದ್ದು ನಲ್ಲೂರಿನ ಮೇಲೆ.

ಎಲ್ಲ ಸಂಕಟಕ್ಕೂ ದಿಲ್ಲಿಯೇ ಮದ್ದು ಎಂದೂ ತಿಳಿಯಬೇಡಿ. ಅದೇ ಸೀಮೆಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟದ್ದು ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. ನಿರ್ಧಾರ ವಿಧಾನಸೌಧದ್ದು, ಆದ್ದರಿಂದ ಅವರು ಪಟ್ಟು ಹಿಡಿದದ್ದೂ ರಾಜ್ಯ ಸರ್ಕಾರದ ಎದುರೇ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಸಾರಿದರು. ಆ ರೈತರ ಜತೆ ನಿಂತು ಮುಖ್ಯಮಂತ್ರಿಗಳ ಸಭೆಗೂ ಹೋದ ನಟ ಯಾರು ಗೊತ್ತೆ? 2019ರಲ್ಲಿ ಲೋಕಸಭೆಗೆ ನಿಂತು ಠೇವಣಿ ಕಳೆದುಕೊಂಡ ಅದೇ ಪ್ರಕಾಶ್ ರಾಜ್! ಎಂ.ಪಿ. ಆಗದಿದ್ದರೂ ಜನರ ಜತೆ ಕೂರಬಹುದು. ಎಂ.ಪಿ. ಆದಮೇಲಂತೂ ಕೂರಲೇಬೇಕು.

ಈಗ ನಿಮ್ಮ ಸರದಿ

ಮತದಾರರ ಚೀಟಿಯ ಮೇಲೆ ನಿಮ್ಮ ವಿಧಾನಸಭಾ ಕ್ಷೇತ್ರದ ಹೆಸರಿದೆ. ಅದು ಯಾವ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ ಎಂದು ಮೊದಲು ವಿಚಾರಿಸಿ, ಜಿಲ್ಲೆಯ ಹೆಸರು ನಂಬಿ ಮೋಸ ಹೋಗಬೇಡಿ. ರಾಜ್ಯಸಭೆ ಚುನಾವಣೆ ಬಂದಾಗ ‘ಯಾರಿಗೆ 1 ಬರೆದಿರಿ, ಯಾಕೆ ಬರೆದಿರಿ’ ಎಂದು ನಿಮ್ಮ ಶಾಸಕರನ್ನು ಕೇಳಿ. ಪಕ್ಷದ ಏಜೆಂಟರಿಗೆ ತೋರಿಸುವ ಓಟನ್ನು ನಿಮಗೆ ಹೇಳಲು ನಾಚಿಕೆ ಯಾಕೆ? ನಿಮ್ಮ ಓಟು ಅವರ ಕೈ ಸೇರಿಯೇ ತಾನೆ ನೇರಳೆ ಬಣ್ಣಕ್ಕೆ ತಿರುಗುವುದು!

ಮುಂದಿನ ಸಲ ನಿಮ್ಮೂರಿಗೆ ಎಂ.ಪಿ. ಆದ ತಾರೆ ಬಂದರೆ ಹಾರ ಹಾಕಿ, ಶಿಳ್ಳೆ ಹೊಡೆಯಿರಿ, ಜತೆಗೆ ನಿಂತು ಫೋಟೋ ತೆಗೆಸಿಕೊಳ್ಳಿ. ಬೇಡ ಅನ್ನುವವನು ನಾನಲ್ಲ. ಹಾರದ ಜತೆಗೆ ಒಂದು ಅರ್ಜಿಯೂ ಇರಲಿ. ಕೊಟ್ಟ ತಾರೀಖು ಬರೆದಿಟ್ಟುಕೊಳ್ಳಿ, ಮುಂದಿನ ಅಧಿವೇಶನದ ಹೊತ್ತಿಗೆ ಅದೇನಾಯಿತು ಎಂದು ಒಂದು ಕಾರ್ಡು ಬರೆದು ಕೇಳಿ.